ಅಕ್ಕಿ ತಿಂದ ಹುಡುಗ

ನಿಮ್ಮ ಮನೆಯಲ್ಲೂ ಹೀಗಾಗಿರಬಹುದು. ಮೈಸೂರಿನಿಂದ ಅಜ್ಜಿಯ ವಿಡಿಯೊ ಕಾಲ್. "ಏನ್ ಊಟ ಮಾಡ್ದೆ ಪುಟ್ಟಾ?" ನನ್ನ 7 ವರ್ಷದ ಮಗ ಉತ್ಸಾಹದಿಂದ "ಅಕ್ಕಿ ತಿಂದೆ ಅಜ್ಜಿ" ಅಂದ. ಆ ಕಡೆ ಇದ್ದವರೆಲ್ಲ ಗೊಳ್ಳೆಂದು ನಕ್ಕರು. "ಏನೋ, ಕೋಳೀನಾ ನೀನು?" ಅಂತ ಅವನ ದೊಡ್ಡಮ್ಮನ ಮಗಳು ಛೇಡಿಸಿದಳು. ನಾನೂ ನಕ್ಕೆ. ನಗಬಾರದಿತ್ತು. ಅವತ್ತಿನಿಂದ ಸುಮಾರು 3 ತಿಂಗಳು, ಅಜ್ಜಿ ಏನು ಕೇಳಿದರೂ ಅವನ ಉತ್ತರ ಇಂಗ್ಲಿಷಿನಲ್ಲಿ. ಅದೂ ಒಂದೊಂದೇ ಪದ.

ಹೋದ ತಿಂಗಳು ನೆಂಟರನ್ನು ಸ್ಯಾನ್ ಫ್ರಾನ್ಸಿಸ್ಕೊ ಏರ್‌ಪೋರ್ಟಿಗೆ ಬಿಟ್ಟು, ಹಸಿದುಕೊಂಡು ಪಕ್ಕದ ಡೇಲಿ ಸಿಟಿಗೆ ಹೋದೆವು. ಆ ಊರಿನ ಮೂರರಲ್ಲೊಂದು ಭಾಗದಷ್ಟು ಜನ ಫಿಲಿಪಿನೊ ಮೂಲದವರು. ಒಂದು ಸಣ್ಣ ಫಿಲಿಪಿನೊ ಹೋಟೆಲ್ ಹೊಕ್ಕೆವು. ಪಕ್ಕದ ಮೇಜಿನಲ್ಲಿ ಮೂರು ತಲೆಮಾರು ಒಟ್ಟಿಗೆ ಕೂತು, ಗಲಾಟೆಯೋ ಗಲಾಟೆ. ಅಲ್ಲಿ ನಿಮ್ಮ ತಟ್ಟೆ ನಿಮಗೆ, ನನ್ನ ತಟ್ಟೆ ನನಗೆ ಎಂಬುದಿಲ್ಲ. ದೊಡ್ಡ ಬಟ್ಟಲುಗಳು ನಡುವೆ ಬರುತ್ತವೆ, ಎಲ್ಲರೂ ಬಡಿಸಿಕೊಳ್ಳಬೇಕು. ನಾವು ಸಿಗಡಿಯ ಸಿನಿಗಾಂಗ್ ತರಿಸಿದೆವು. ಹುಣಸೆ ಹುಳಿಯ, ತರಕಾರಿ ಹಾಕಿದ ತಿಳಿ. ಒಂದು ಚಮಚ ಬಾಯಿಗಿಟ್ಟ ಮಗ "ಸಾರು!" ಎಂದ. ತಿಂಗಳುಗಳ ನಂತರ ಅವನಾಗೇ ಆಡಿದ ಕನ್ನಡ ಪದ. ಈ ಸಲ ನಾನು ಏನೂ ಹೇಳದೆ ಸುಮ್ಮನಿದ್ದೆ.

ಬಡಿಸುತ್ತಿದ್ದ ಹೆಂಗಸನ್ನು ಪಕ್ಕದ ಮೇಜಿನವರು "ಆತೆ" ಎಂದು ಕರೆಯುತ್ತಿದ್ದರು. ಅವರ ಟಗಾಲೊಗ್ ಭಾಷೆಯಲ್ಲಿ ಅಕ್ಕ ಎಂದರ್ಥ, ಅಣ್ಣನಿಗೆ "ಕೂಯ". ಗುರುತಿಲ್ಲದವರನ್ನೂ ನಮ್ಮ ಹಾಗೇ ಅಕ್ಕ, ಅಣ್ಣ ಮಾಡಿಕೊಳ್ಳುತ್ತಾರೆ. (ಮಗನಿಗೆ ಅದು "ಅತ್ತೆ" ಎಂದೇ ಕೇಳಿಸಿತಂತೆ.) ಆಕೆ ಅಡುಗೆಮನೆಯ ಕಡೆ ತಿರುಗಿ "ಕಾನಿನ್" ಎಂದು ಕೂಗಿದಾಗ ಬಿಸಿ ಅನ್ನ ಬಂತು. "ಕಾನಿನ್ ಅಂದ್ರೆ ರೈಸಾ?" ಎಂದು ಮಗ ಕೇಳಿದ. ಆಕೆ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಪಾಠವನ್ನೇ ಶುರುಮಾಡಿದರು. ಗದ್ದೆಯಲ್ಲಿದ್ದರೆ ಪಾಲಾಯ್, ಚೀಲದಲ್ಲಿದ್ದರೆ ಬಿಗಾಸ್, ಬೆಂದು ತಟ್ಟೆಗೆ ಬಂದರೆ ಕಾನಿನ್. ರಾತ್ರಿ ಉಳಿದದ್ದು ಬಾಹಾವ್. ಅದನ್ನೇ ಬೆಳಿಗ್ಗೆ ಬೆಳ್ಳುಳ್ಳಿ ಹಾಕಿ ಹುರಿದರೆ ಸಿನಂಗಾಗ್. ಆಮೇಲೆ ನಗುತ್ತಾ ಹೇಳಿದರು: "ನನ್ನ ಮಗಳು ಇಲ್ಲೇ ಹುಟ್ಟಿದವಳು. ಬಿಗಾಸ್ ತಿಂದೆ ಅಂತಾಳೆ."

ಮಗ ನನ್ನ ಮುಖ ನೋಡಿದ. ಆ ಹುಡುಗಿಯೂ ಅಕ್ಕಿ ತಿಂದಿದ್ದಾಳೆ!

ಟಿಶ್ಯೂ ಮೇಲೆ ಬರೆದು ತೋರಿಸಿದೆ. ಭತ್ತ, ಅಕ್ಕಿ, ಅನ್ನ, ತಂಗಳನ್ನ, ಚಿತ್ರಾನ್ನ. ಒಂದಕ್ಕೊಂದು ಜೋಡಿ ಸಿಕ್ಕಿತು, ಚಿತ್ರಾನ್ನದ್ದು ಸ್ವಲ್ಪ ಎಳೆದು ತಂದದ್ದಾದರೂ. ನೋಡಿ, ಮಕ್ಕಳು ದಡ್ಡರಲ್ಲ. ಅವರು ದಿನವಿಡೀ ಯೋಚಿಸುವ ಭಾಷೆಯಲ್ಲಿ ಇಷ್ಟಕ್ಕೆಲ್ಲ ಸೇರಿ ಇರುವುದು ರೈಸ್ ಎಂಬ ಒಂದೇ ಪದ. ನಾವು ಒಮ್ಮೆ "ಅಕ್ಕಿ ಅಂದ್ರೆ ರೈಸ್" ಎಂದು ಹೇಳಿಕೊಟ್ಟು, ಆಮೇಲೆ ಅವರು ಅದನ್ನು ತಿಂದರೆ ನಗುತ್ತೇವೆ. ನಗುವ ಬದಲು "ಓ, ಅನ್ನ ತಿಂದ್ಯಾ? ಎಷ್ಟು ತಿಂದೆ?" ಎಂದು ಮಾತು ಮುಂದುವರಿಸಿದರೆ ಸಾಕಿತ್ತು. ಸರಿಯಾದ ಪದ ಕಿವಿಗೂ ಬೀಳುತ್ತಿತ್ತು, ಮಾನವೂ ಉಳಿಯುತ್ತಿತ್ತು. ಅಜ್ಜಿಯ ಮನೆಯವರಿಗೂ ಇದನ್ನು ಫೋನ್ ಮಾಡಿ ಹೇಳಿ. ನಾನು ಹೇಳಿದೆ, ಸ್ವಲ್ಪ ಮುಜುಗರವಾಯಿತು, ಅಷ್ಟೇ.

ನೀವು ಸಸ್ಯಾಹಾರಿಗಳಾಗಿದ್ದರೆ ಮೊದಲೇ ಕೇಳಿ ನೋಡಿ. ಅಲ್ಲಿ ತರಕಾರಿ ಪಲ್ಯಕ್ಕೂ ಪತೀಸ್ ಎಂಬ ಮೀನಿನ ರಸವನ್ನೋ ಸಿಗಡಿ ಪೇಸ್ಟನ್ನೋ ಹಾಕುವುದುಂಟು. ಬೇರೇನೂ ಆಗದಿದ್ದರೂ ತುರೊನ್ ತಿನ್ನಬಹುದು. ಬಾಳೆಹಣ್ಣು, ಹಲಸಿನ ತೊಳೆ ಸುತ್ತಿ, ಸಕ್ಕರೆ ಹಾಕಿ ಕರಿದದ್ದು. ನಮ್ಮಲ್ಲಿ ಅದಕ್ಕೆ ಜಗಳವಾಯಿತು.

ಮುಂದಿನ ಭಾನುವಾರ ಅಜ್ಜಿಯ ಕಾಲ್ ಬಂತು. ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡ ಮಗ, "ಅಜ್ಜೀ, ಕಾನಿನ್ ಅಂದ್ರೆ ಏನು ಹೇಳಿ ನೋಡೋಣ?" ಎಂದ.

ಅಜ್ಜಿ ಯೋಚಿಸಿ ಯೋಚಿಸಿ, "ಕಾನೂನಾ?" ಎಂದರು.

ಈ ಕಡೆಯಿಂದ ಗೊಳ್ಳೆಂದು ನಕ್ಕವನು ಅವನು.