ಸ್ವಂತ ತಯಾರಿಕೆಯ ಸಿ.ಎನ್.ಸಿ. ರೌಟರ್: ಹಣ ಮೊದಲು ಚೌಕಟ್ಟಿಗೆ ಹೋಗಲಿ

ಮುಂಬಾಗಿಲಿನ ಕೆತ್ತನೆ, ದೇವರ ಮಂಟಪದ ಜಾಲಿ, ಅಂಗಡಿಯ ನಾಮಫಲಕ, ಅಡುಗೆಮನೆಯ ಕಪಾಟಿನ ಬಾಗಿಲು – ಇಂತಹ ಕೆಲಸಗಳನ್ನು ಗಿರಾಕಿಗಳು ಇಂದು ಸಿ.ಎನ್.ಸಿ. ರೌಟರಿನ ಅಚ್ಚುಕಟ್ಟಿನಲ್ಲಿಯೇ ಬಯಸುತ್ತಾರೆ. ಯಂತ್ರವಿಲ್ಲದ ಸಣ್ಣ ಮರಗೆಲಸದ ಘಟಕವು ಹಲಗೆಯನ್ನು ಜಾಬ್‌ವರ್ಕ್‌ಗೆ ಕಳುಹಿಸಿ, ಚದರಡಿ ಲೆಕ್ಕದಲ್ಲಿ ದರ ತೆತ್ತು, ಸರದಿಗಾಗಿ ಕಾಯಬೇಕಾಗುತ್ತದೆ. ಲಾಭದ ಒಂದು ಪಾಲು ಹೀಗೆ ಬೇರೆಯವರ ಕೈಸೇರುತ್ತದೆ. ಸಿದ್ಧ ಯಂತ್ರದ ಬೆಲೆ ಕೈಗೆಟುಕದಿದ್ದಾಗ ತಾವೇ ಒಂದನ್ನು ಜೋಡಿಸಿಕೊಳ್ಳಲು ಹೊರಡುವವರು ಹಲವರು. ಈ ಸಾಹಸ ಸ್ವಾಗತಾರ್ಹವೇ. ಆದರೆ ಇದಕ್ಕೆ ಹಾಕುವ ಹಣ ಹೆಚ್ಚಾಗಿ ತಪ್ಪು ಜಾಗಕ್ಕೆ ಹೋಗುತ್ತಿದೆ.

ಯಂತ್ರದ ಮಿದುಳು ಇಂದು ಅತ್ಯಂತ ಅಗ್ಗದ ಭಾಗ. ಅಮೆರಿಕದ ರಾಷ್ಟ್ರೀಯ ಮಾನಕ ಹಾಗೂ ತಂತ್ರಜ್ಞಾನ ಸಂಸ್ಥೆಯಲ್ಲಿ 1990ರ ದಶಕದಲ್ಲಿ ಆರಂಭಗೊಂಡ ನಿಯಂತ್ರಣ ತಂತ್ರಾಂಶವೇ ಮುಂದೆ ಲಿನಕ್ಸ್ ಸಿ.ಎನ್.ಸಿ. ಆಗಿ ಉಚಿತವಾಗಿ ದೊರೆಯುತ್ತಿದೆ. 2009ರಲ್ಲಿ ಬಂದ ಜಿ.ಆರ್.ಬಿ.ಎಲ್. ತಂತ್ರಾಂಶವು ಆರ್ಡುಯಿನೋ ಎಂಬ ಪುಟ್ಟ ಫಲಕದ ಮೇಲೆಯೇ ಕೆಲಸ ಮಾಡುತ್ತದೆ. ಸ್ಟೆಪರ್ ಮೋಟಾರು, ಡ್ರೈವರ್‌ಗಳಿಗಾಗಿ ವಿದೇಶಕ್ಕೆ ಪತ್ರ ಬರೆಯುವ ಕಾಲವೂ ಹೋಯಿತು. ಹೀಗೆ ಉಳಿದ ಹಣವನ್ನು ತಯಾರಕರು ಸಾಮಾನ್ಯವಾಗಿ ದೊಡ್ಡ ಸ್ಪಿಂಡಲ್‌ಗೆ ಸುರಿಯುತ್ತಾರೆ. 2.2 ಕಿಲೋವ್ಯಾಟ್, ನಿಮಿಷಕ್ಕೆ 24,000 ಸುತ್ತು ಎಂದರೆ ಕೇಳಲು ಭರ್ಜರಿ. ಅದನ್ನು ಹೊರುವ ಅಡ್ಡತೊಲೆ ಮಾತ್ರ ಎಂ.ಡಿ.ಎಫ್. ಹಲಗೆಯದು!

ಲೆಕ್ಕ ಮಾಡಿದರೆ ದೋಷ ಸ್ಪಷ್ಟವಾಗುತ್ತದೆ. ಸಾಮಾನ್ಯ ಸ್ಟೆಪರ್ ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಪ್ರತಿ ಹೆಜ್ಜೆಯನ್ನು ಎಂಟು ಭಾಗ ಮಾಡಿ, 5 ಮಿ.ಮೀ. ಲೀಡ್‌ನ ಬಾಲ್ ಸ್ಕ್ರೂ ತಿರುಗಿಸಿದರೆ ಒಂದು ಮಿ.ಮೀ.ಗೆ 320 ಹೆಜ್ಜೆ. ಕಾಗದದ ಮೇಲಿನ ಈ ಸೂಕ್ಷ್ಮತೆ ಮಿ.ಮೀ.ನ ಸಾವಿರದ ಮೂರು ಭಾಗ. ಆದರೆ ಬಿಟ್‌ನ ತುದಿಯನ್ನು ಕೈಯಿಂದ ಒತ್ತಿದಾಗ ಡಯಲ್ ಗೇಜಿನ ಮುಳ್ಳು ಅರ್ಧ ಮಿ.ಮೀ. ಸರಿದರೆ ಆ ಸೂಕ್ಷ್ಮತೆಯಿಂದ ಏನು ಪ್ರಯೋಜನ? ತೇಗದ ಗಂಟು ಬಿಟ್‌ಗೆ ಅಡ್ಡ ಬಂದಾಗ ಬೀಳುವ ಒತ್ತಡ ಕೈಯ ಒತ್ತಡಕ್ಕಿಂತ ಕಡಿಮೆಯದೇನಲ್ಲ.

ಕೆತ್ತನೆಯ ಅಂಚು ಸುಟ್ಟು ಕಪ್ಪಾಗುವುದು ಇನ್ನೊಂದು ಸಾಮಾನ್ಯ ದೂರು. ಕೂಡಲೇ ಬಿಟ್ ಕಳಪೆಯೆಂದು ಅಂಗಡಿಯವನನ್ನು ದೂರುವುದು ವಾಡಿಕೆ. ನಿಜವಾದ ಕಾರಣ ಬಹುಮಟ್ಟಿಗೆ ಬೇರೆಯೇ ಇರುತ್ತದೆ. ಎರಡು ಅಲಗಿನ ಬಿಟ್ 18,000 ಸುತ್ತಿನಲ್ಲಿ ತಿರುಗುತ್ತಾ ಪ್ರತಿ ಅಲಗೂ 0.1 ಮಿ.ಮೀ. ಮರ ಕಚ್ಚಬೇಕಾದರೆ ಯಂತ್ರವು ನಿಮಿಷಕ್ಕೆ 3,600 ಮಿ.ಮೀ. ಸಾಗಬೇಕು. ಹಾರ್ಡ್‌ವೇರ್ ಅಂಗಡಿಯ ಎಂ-12 ಥ್ರೆಡ್ ಸರಳಿಗೆ ಒಂದು ಸುತ್ತಿಗೆ 1.75 ಮಿ.ಮೀ. ಚಲನೆ ಮಾತ್ರ; ನಿಮಿಷಕ್ಕೆ 600 ಸುತ್ತು ತಿರುಗಿಸಿದರೂ ದೊರೆಯುವುದು 1,050 ಮಿ.ಮೀ. ಇನ್ನೂ ವೇಗ ಹೆಚ್ಚಿಸಿದರೆ ಉದ್ದನೆಯ ಸರಳು ಚಾಟಿಯಂತೆ ಬಳುಕುತ್ತದೆ, ಮೋಟಾರಿನ ಬಲವೂ ಕುಂದುತ್ತದೆ. ಆಗ ಅಲಗು ಮರವನ್ನು ಕಡಿಯದೆ ಉಜ್ಜುತ್ತದೆ, ಉಜ್ಜಿದ್ದು ಸುಡುತ್ತದೆ. ಇಲ್ಲಿ ಬೇಕಾದುದು ಹೆಚ್ಚು ಲೀಡ್‌ನ ಸ್ಕ್ರೂ ಅಥವಾ ರ‍್ಯಾಕ್ ಮತ್ತು ಪಿನಿಯನ್. ಅದು ಕೈಗೂಡುವವರೆಗೆ ಸ್ಪಿಂಡಲ್‌ನ ಸುತ್ತನ್ನೇ ಇಳಿಸುವುದು ಲೇಸು.

ಹೀಗಾಗಿ ಸುಧಾರಣೆಯ ಮೊದಲ ರೂಪಾಯಿ ಚೌಕಟ್ಟಿಗೆ ಸಲ್ಲಬೇಕು. ಎಂ.ಡಿ.ಎಫ್. ಚೌಕಟ್ಟು ಕರಾವಳಿಯ ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ. ಅದು ಕಲಿಕೆಗಷ್ಟೇ ಯೋಗ್ಯ. ಉಕ್ಕಿನ ಚೌಕ ಕೊಳವೆಗಳ ಚೌಕಟ್ಟು ದೃಢ, ಆದರೆ ಬೆಸುಗೆಯ ಕಾವಿಗೆ ಸೊಟ್ಟಗಾಗುತ್ತದೆ. ಲೀನಿಯರ್ ಗೈಡ್ ಕೂರುವ ಮೇಲ್ಮೈಯನ್ನು ಬೆಸುಗೆಯ ನಂತರ ಮಿಲ್ಲಿಂಗ್ ಮಾಡಿಸಲೇಬೇಕು. ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ಇದನ್ನು ಮಾಡಿಕೊಡುವ ಘಟಕಗಳಿಗೆ ಕೊರತೆಯಿಲ್ಲ. ಈ ಒಂದು ಖರ್ಚನ್ನು ಉಳಿಸಲು ಹೋದವರು ದುಬಾರಿ ಗೈಡ್‌ಗಳನ್ನೇ ಸವೆಸಿಕೊಳ್ಳುತ್ತಾರೆ. ಅಡ್ಡತೊಲೆ ಲಂಬವಾಗಿದೆಯೇ ಎಂದು ತಿಳಿಯಲು ಬಡಗಿಗಳ ಹಳೆಯ ಉಪಾಯವೇ ಸಾಕು: 600ಕ್ಕೆ 800 ಮಿ.ಮೀ. ಆಯತವನ್ನು ಯಂತ್ರದಿಂದಲೇ ಗೀಚಿಸಿ ಎರಡೂ ಕರ್ಣಗಳನ್ನು ಅಳೆದಾಗ 1,000 ಮಿ.ಮೀ. ಬರಬೇಕು.

ವಿದ್ಯುತ್ ಕಡಿತದ ವಿಚಾರವೂ ಇದೆ. ಸ್ಟೆಪರ್ ಮೋಟಾರಿಗೆ ತಾನು ನಿಂತ ಸ್ಥಳದ ನೆನಪಿರದು. ಕೆತ್ತನೆಯ ನಡುವೆ ವಿದ್ಯುತ್ ಹೋದರೆ ಹಲಗೆ ವ್ಯರ್ಥ. ಪ್ರತಿ ಅಕ್ಷಕ್ಕೂ ಹೋಮಿಂಗ್ ಸ್ವಿಚ್ ಇದ್ದರೆ ಯಂತ್ರವು ಮೂಲಸ್ಥಾನಕ್ಕೆ ಮರಳಿ ಕೆಲಸ ಮುಂದುವರಿಸಬಲ್ಲದು. ಧೂಳನ್ನು ಹೀರುವ ವ್ಯವಸ್ಥೆಯನ್ನಂತೂ ನಂತರದ ಮಾತೆಂದು ಮುಂದೂಡಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ.

ಇನ್ನು ಲೆಕ್ಕಪತ್ರದ ಮಾತು. ತುಂಡುತುಂಡಾಗಿ ಕೊಂಡ ಬಿಡಿಭಾಗಗಳ ಬಿಲ್ಲುಗಳನ್ನು ರಿಪೇರಿ ಖರ್ಚಿನಲ್ಲಿ ಸೇರಿಸಿ ಮರೆಯುವುದು ರೂಢಿ. ಅವುಗಳನ್ನು ಒಂದು ಕಡತದಲ್ಲಿ ಕೂಡಿಸಿ, ಕೂಲಿಯ ಸಹಿತ ಯಂತ್ರದ ಮೂಲ ಬೆಲೆಯಾಗಿ ಪುಸ್ತಕಕ್ಕೆ ತೆಗೆದುಕೊಂಡರೆ ಸವಕಳಿ ದೊರೆಯುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿಲ್ಲದ ನೋಂದಾಯಿತ ವರ್ತಕರಿಗೆ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ಹೂಡುವಳಿ ತೆರಿಗೆಯ ಜಮೆಯೂ ಸಿಗುತ್ತದೆ.

ಬ್ಯಾಂಕಿನ ಸಾಲ ಮಾತ್ರ ಇವರ ಪಾಲಿಗೆ ಕಗ್ಗಂಟು. ಯಂತ್ರಕ್ಕೆ ಸಾಲ ಕೇಳಿದರೆ ಬ್ಯಾಂಕು ಮಾರಾಟಗಾರನ ಕೊಟೇಶನ್ ಕೇಳುತ್ತದೆ. ತಾನೇ ತಯಾರಕನಾದವನು ಯಾರ ಕೊಟೇಶನ್ ತರಬೇಕು? ಆಮದಾದ ಯಂತ್ರಕ್ಕೆ ಸುಲಭವಾಗಿ ಸಿಗುವ ಸಾಲ, ಇಲ್ಲಿಯೇ ಮಿಲ್ಲಿಂಗ್, ಬೆಸುಗೆ, ಜೋಡಣೆಗಳ ಮೂಲಕ ನಾಲ್ಕು ಘಟಕಗಳಿಗೆ ಕೆಲಸ ಕೊಡುವ ಯಂತ್ರಕ್ಕೆ ಸಿಗದಿರುವುದು ನ್ಯಾಯವಲ್ಲ. ಬಳಸಿದ ಯಂತ್ರಗಳಿಗೆ ಚಾರ್ಟರ್ಡ್ ಎಂಜಿನಿಯರರ ಮೌಲ್ಯಮಾಪನ ಪತ್ರವನ್ನು ಮಾನ್ಯ ಮಾಡುವ ಪರಿಪಾಠ ಈಗಾಗಲೇ ಇದೆ. ಬಿಡಿಭಾಗಗಳ ಬಿಲ್ಲು, ಪರೀಕ್ಷಾರ್ಥ ಕೆತ್ತಿದ ಮಾದರಿಯ ಅಳತೆ ಮತ್ತು ಇಂತಹದೇ ಒಂದು ಪತ್ರದ ಆಧಾರದ ಮೇಲೆ ಸ್ವಂತ ತಯಾರಿಕೆಯ ಯಂತ್ರಗಳಿಗೂ ಸಾಲ ನೀಡುವಂತೆ ವಾಣಿಜ್ಯ ಸಂಸ್ಥೆಗಳು ಬ್ಯಾಂಕುಗಳೊಡನೆ ಮಾತುಕತೆ ಆರಂಭಿಸಬೇಕು.