ಹಗ್ಗ ಬಿಚ್ಚುವ ದಯೆ

ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಶ್ರಾವಕನು ಮುಂಜಾನೆ ಕೆರೆಯ ದಂಡೆಗೆ ಹೋದೊಡನೆ ಸಾಕುನಾಯಿಯ ಹಗ್ಗವನ್ನು ಬಿಚ್ಚುತ್ತಾನೆ. ಅದು ಹಕ್ಕಿಗಳತ್ತ ನುಗ್ಗುತ್ತದೆ. ಅವು ಚೀರುತ್ತ ಮೇಲೇಳುತ್ತವೆ. ಒಡೆಯನು ಆಟವೆಂದು ನಗುತ್ತಾನೆ. ನೀರಹನಿಯ ಸೂಕ್ಷ್ಮಜೀವಿಗೆ ಮರುಗುವವನಿಗೆ ಪಂಚೇಂದ್ರಿಯ ಜೀವಿಯ ಸಂಕಟ ಕಾಣದಿದ್ದರೆ ಅದೆಂತಹ ದಯೆ?

ಹಲಬರ್ಗಾ ಸೇರಿರುವ ಭಾಲ್ಕಿ ತಾಲ್ಲೂಕಿನಲ್ಲಿಯೇ ಕಾರಂಜಾ ಜಲಾಶಯವಿದೆ. ಬೇಸಿಗೆಯಲ್ಲಿ ನೀರು ಹಿಂಜರಿದಾಗ ತೆರೆದುಕೊಳ್ಳುವ ನೆಲ ಮನುಷ್ಯನ ಕಣ್ಣಿಗೆ ಬರಡು. ಟಿಟ್ಟಿಭದಂತಹ ಹಕ್ಕಿಗೆ ಅಂತಹ ನೆಲವೇ ಹೆರಿಗೆಯ ಮನೆ. ಅದು ಮರದಲ್ಲಿ ಗೂಡು ಕಟ್ಟುವುದಿಲ್ಲ. ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಕಾಲದಲ್ಲಿ ನೆಲದ ತಗ್ಗಿನಲ್ಲಿ ಸಾಮಾನ್ಯವಾಗಿ 4 ಮೊಟ್ಟೆಗಳನ್ನಿಟ್ಟು, ಸುಮಾರು 4 ವಾರ ಕಾವು ಕೊಡುತ್ತದೆ. ಬಿಸಿಲೇರಿದಾಗ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿ ತಂದು ಮೊಟ್ಟೆಗಳನ್ನು ತಂಪಾಗಿಡುತ್ತದೆ. ನಾಯಿ ಮೊಟ್ಟೆಯನ್ನು ಮುಟ್ಟಲೇಬೇಕೆಂದಿಲ್ಲ. ತಾಯಿಯನ್ನು ಬಹಳ ಹೊತ್ತು ದೂರ ನಿಲ್ಲಿಸಿದರೆ ಬಿಸಿಲೇ ಮೊಟ್ಟೆಯೊಳಗಿನ ಜೀವವನ್ನು ಕೊಲ್ಲುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಗಳ ಮೊಟ್ಟೆಗೂಡುಗಳಿಗೆ ಹಾನಿ ಮಾಡುವುದನ್ನೂ ಭಂಗ ತರುವುದನ್ನೂ ಬೇಟೆಯ ಅರ್ಥದಲ್ಲಿಯೇ ಸೇರಿಸಿದೆ. ಸಪ್ತವ್ಯಸನಗಳಲ್ಲಿ ಬೇಟೆಯನ್ನು ತ್ಯಜಿಸಿದ ಶ್ರಾವಕನು ನಾಯಿಯ ಕಾಲುಗಳಿಂದ ಅದನ್ನೇ ನಡೆಸಬಹುದೆ? ಅಪರಾಧ ನಾಯಿಯದಲ್ಲ, ಬೆನ್ನಟ್ಟುವುದು ಅದರ ಸ್ವಭಾವ. ಪ್ರಮಾದ ಒಡೆಯನದು.

ಕೆಲವರು ಶಾಸ್ತ್ರವನ್ನೇ ಮುಂದೊಡ್ಡುತ್ತಾರೆ. ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತದ ಅತಿಚಾರಗಳಲ್ಲಿ ಮೊದಲನೆಯದು ಬಂಧವಲ್ಲವೆ, ನಾಯಿಯನ್ನು ಕಟ್ಟುವುದೇ ದೋಷವಲ್ಲವೆ ಎಂಬುದು ಅವರ ವಾದ. ಈ ವಾದ ಅರ್ಧಸತ್ಯ. ಕಷಾಯದಿಂದ, ಜೀವಿಗೆ ನೋವಾಗುವಂತೆ, ಅದರ ಸಂಚಾರವನ್ನು ಬಿಗಿಯುವುದು ಬಂಧ. ಅಗತ್ಯಕ್ಕಾಗಿ ಕಟ್ಟುವಾಗ ಗಂಟು ಸಡಿಲವಿರಲಿ ಎಂದು ಶ್ರಾವಕಾಚಾರದ ವ್ಯಾಖ್ಯಾನಕಾರರೇ ವಿಧಿಸಿದ್ದಾರೆ. ಒಡೆಯನ ಜೊತೆಗೇ ನಡೆಯುವ ನಾಯಿಯ ಕೊರಳಪಟ್ಟಿಗೆ ಉದ್ದನೆಯ ಹಗ್ಗ ಹಾಕಿದರೆ ಅದು ಪೀಡೆಯಲ್ಲ. ಎರಡು ಜೀವಗಳಿಗೂ ರಕ್ಷೆ.

ಬಸದಿಯ ಟ್ರಸ್ಟ್‌ಗಳ ಹೊಣೆಯೂ ಇದೆ. ಜೀವದಯೆಯ ಹೆಸರಿನಲ್ಲಿ ನೀರಂಚಿನಲ್ಲಿ ರೊಟ್ಟಿ ಸುರಿದರೆ ಬೀದಿನಾಯಿಗಳ ಹಿಂಡು ಗೂಡುಗಳ ನಡುವೆಯೇ ನೆಲೆಯೂರುತ್ತದೆ. ಅನ್ನ ನಿಲ್ಲಿಸುವುದೂ ಅತಿಚಾರವೇ. ಆದುದರಿಂದ ನಿಲ್ಲಿಸಬೇಕಾದುದು ಅನ್ನವನ್ನಲ್ಲ, ಬದಲಿಸಬೇಕಾದುದು ಸ್ಥಳವನ್ನು. ದಂಡೆಯಿಂದ ದೂರದಲ್ಲಿ, ಗೊತ್ತುಪಡಿಸಿದ ಜಾಗದಲ್ಲಿ ಆಹಾರವಿಡಲಿ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಂತೆ ನಡೆಯುವ ಶಸ್ತ್ರಚಿಕಿತ್ಸೆಗೂ ರೇಬೀಸ್ ಲಸಿಕೆಗೂ ದಾನದ ಹಣದಲ್ಲಿ ಒಂದು ಪಾಲನ್ನು ತೆಗೆದಿಡಲಿ.

ರೊಟ್ಟಿಯ ಪುಣ್ಯವನ್ನು ಜಮಾ ಬರೆದು, ಒಡೆದ ಮೊಟ್ಟೆಯನ್ನು ಖರ್ಚಿಗೆ ಬರೆಯದ ಲೆಕ್ಕವನ್ನು ಯಾವ ವ್ಯಾಪಾರಿಯೂ ಒಪ್ಪುವುದಿಲ್ಲ. ಧರ್ಮವು ಒಪ್ಪೀತೆ?