ಟೋಪಿ ಹಾಕಿದವರು ಯಾರು?

“ಆಟವನ್ನು ಆಟಕ್ಕಾಗಿ ಆಡಬೇಕು, ಹಣಕ್ಕಾಗಿ ಅಲ್ಲ.” ಬಹುಮಾನ ಹಂಚುವ ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡ ಮಹನೀಯರು ಆಡುವ ಮಾತಿದು. ಕಡಬದ ಬಯಲಿನಲ್ಲಿ ಕಬಡ್ಡಿ ಆಡುವ ನಮ್ಮ ಹುಡುಗರೂ ಇದನ್ನು ಕೇಳಿ ಚಪ್ಪಾಳೆ ತಟ್ಟುತ್ತಾರೆ. ಪಂದ್ಯದ ದಿನ ತಪ್ಪಿದ ಕೂಲಿಯನ್ನು ಕೊಡುವವರಾರು ಎಂದು ಮಾತ್ರ ಕೇಳುವುದಿಲ್ಲ. ಕೇಳಿದವರಿಗೆ ಏನಾಯಿತೆಂಬುದನ್ನು ತಿಳಿಯಲು ಓದುಗರು ನಮ್ಮೊಡನೆ ಸ್ವಲ್ಪ ದೂರ ಬರಬೇಕು.

ರಗ್ಬಿ ಎಂಬುದು ಉದ್ದುರುಟಾದ ಚೆಂಡನ್ನು ಹಿಡಿದು ಎದುರಾಳಿಗಳ ನಡುವೆ ನುಗ್ಗುವ ಆಟ. ಉತ್ತರ ಇಂಗ್ಲೆಂಡಿನಲ್ಲಿ ಅದನ್ನಾಡುತ್ತಿದ್ದವರಲ್ಲಿ ಗಿರಣಿ ಕೂಲಿಗಳೂ ಗಣಿ ಕೆಲಸದವರೂ ಬಹಳ. ತಪ್ಪಿದ ಕೂಲಿಯನ್ನಾದರೂ ಕೊಡಿ ಎಂಬ ಅವರ ಕೋರಿಕೆಯನ್ನು 1893ರಲ್ಲಿ ರಗ್ಬಿ ಯೂನಿಯನ್ ತಳ್ಳಿಹಾಕಿತು. ಹೆಸರಿಗೆ ಯೂನಿಯನ್, ನಮ್ಮ ನಿಮ್ಮಂಥವರ ಯೂನಿಯನ್ ಅಲ್ಲ! 1895ರಲ್ಲಿ ಉತ್ತರದ ಸಂಘಗಳು ಹಡರ್ಸ್‌ಫೀಲ್ಡ್‌ನಲ್ಲಿ ಸಭೆ ಸೇರಿ ಬೇರೆಯಾದವು. ಹೀಗೆ ರಗ್ಬಿಗೆ ಎರಡು ಮನೆಯಾಯಿತು: ಹದಿನೈದು ಆಳಿನ ಹಳೆಯ ಆಟ, ಮುಂದೆ ಹದಿಮೂರು ಆಳಿಗಿಳಿದ ಹೊಸ ಆಟ.

ಫ್ರಾನ್ಸಿನ ಜಾನ್ ಗಾಲಿಯಾ ಎರಡರಲ್ಲೂ ದೇಶಕ್ಕಾಗಿ ಆಡಿದವನು. 1927ರಿಂದ 1931ರವರೆಗೆ ಹದಿನೈದರ ಆಟದಲ್ಲಿ 20 ಅಂತರರಾಷ್ಟ್ರೀಯ ಪಂದ್ಯಗಳನ್ನಾಡಿದ. ಅವನಿದ್ದ ಕಿಯಾನ್ ಎಂಬ ಸಣ್ಣ ಊರಿನ ತಂಡ 1929ರಲ್ಲಿ ಇಡೀ ಫ್ರಾನ್ಸಿಗೆ ಚಾಂಪಿಯನ್ ಆಯಿತು. ತಂಡದ ಪೋಷಕ ಬುರೆಲ್ ಎಂಬ ಟೋಪಿ ಕಾರ್ಖಾನೆಯ ಧಣಿ. ಬೇರೆ ಊರುಗಳ ಆಟಗಾರರನ್ನು ಹಣದ ಬಲದಿಂದ ಕರೆತಂದು ಕಟ್ಟಿದ ತಂಡವದು. ಟೋಪಿಗೆ ಪ್ರಚಾರ, ಧಣಿಗೆ ಕೀರ್ತಿ. ಕಾಗದದ ಮೇಲೆ ಮಾತ್ರ ಎಲ್ಲರೂ ಹವ್ಯಾಸಿಗಳು!

ಈ ಸೋಗನ್ನು ನೋಡಿ 1931ರಲ್ಲಿ ಬ್ರಿಟಿಷರು ಫ್ರಾನ್ಸಿನೊಡನೆ ಆಡುವುದನ್ನೇ ನಿಲ್ಲಿಸಿದರು. ಆಗ ಫ್ರೆಂಚ್ ರಗ್ಬಿಯ ಹಿರಿಯರಿಗೆ ಪರಿಶುದ್ಧತೆ ನೆನಪಾಯಿತು. ಹಣದ ಆಪಾದನೆ ಹೊರಿಸಿ 1933ರಲ್ಲಿ ಗಾಲಿಯಾನನ್ನು ಹೊರಗೆ ಹಾಕಿದರು. ಗಾಲಿಯಾ ಕೈಕಟ್ಟಿ ಕೂರಲಿಲ್ಲ. 1934ರಲ್ಲಿ ತನ್ನದೇ ತಂಡ ಕಟ್ಟಿ ಉತ್ತರ ಇಂಗ್ಲೆಂಡಿಗೆ ಹೋದ. ಅದೇ ವರ್ಷ ಫ್ರಾನ್ಸಿನಲ್ಲಿ ಹದಿಮೂರರ ಆಟದ ಸಂಸ್ಥೆ ಹುಟ್ಟಿತು.

ಮುಂದಿನದನ್ನು ಗಮನಿಸಿರಿ. ಹಿಟ್ಲರನಿಗೆ ತಲೆಬಾಗಿದ ಪೆತೇನನ ಸರ್ಕಾರ 1941ರ ಡಿಸೆಂಬರಿನಲ್ಲಿ ಆಜ್ಞೆ ಹೊರಡಿಸಿ ಆ ಸಂಸ್ಥೆಯನ್ನು ವಿಸರ್ಜಿಸಿತು, ಆಸ್ತಿಯನ್ನು ಕಿತ್ತುಕೊಂಡಿತು. ಯುದ್ಧ ಮುಗಿದ ಮೇಲೆ ಆಟ ಬದುಕಿತು. ‘ರಗ್ಬಿ’ ಎಂಬ ಹೆಸರು ಅದಕ್ಕೆ ಮರಳಿದ್ದು 1990ರ ದಶಕದಲ್ಲಿ. ಗಾಲಿಯಾ 1949ರಲ್ಲೇ ತೀರಿಕೊಂಡಿದ್ದ. 1995ರಲ್ಲಿ ಹದಿನೈದರ ಆಟದವರೂ ಹಣ ಕೊಡುವುದನ್ನು ಬಹಿರಂಗವಾಗಿ ಒಪ್ಪಿದರು. ನೂರು ವರ್ಷ ಪಾಪವಾಗಿದ್ದುದು ಒಂದೇ ದಿನದಲ್ಲಿ ಪುಣ್ಯವಾಯಿತು!

ಗಾಲಿಯಾ ಕೂಲಿಕಾರರ ಮುಂದಾಳೆಂದು ನಾವು ಹೇಳುತ್ತಿಲ್ಲ. ನಾವು ಕೇಳುವುದಿಷ್ಟೆ: ಕೊಟ್ಟ ಕೈ ಶುದ್ಧ, ಪಡೆದ ಕೈ ಮಾತ್ರ ಮೈಲಿಗೆಯಾದದ್ದು ಹೇಗೆ?

ಮಿಲ್ಲಿನ ತಂಡಕ್ಕೆ ಆಡಿದ ದಿನ ಹಾಜರಿ ಹಾಕಿ ಪೂರ್ತಿ ಕೂಲಿ ಕೊಡಲಿ. ಪೆಟ್ಟಾದರೆ ಔಷಧದ ಖರ್ಚು ಹೊರಲಿ. ಪಂದ್ಯಾವಳಿಗೆ ಚಂದಾ ಕೊಡುವ ಅಂಗಡಿಯವರೂ, ಈ ಹಣ ಹಾರ ತುರಾಯಿಗೋ ಆಟಗಾರನ ಊಟಕ್ಕೋ ಎಂದು ಮೊದಲು ಕೇಳಲಿ. ಬೆವರಿಗೆ ಬೆಲೆ ಕೇಳುವುದು ಭಿಕ್ಷೆಯಲ್ಲ. ಮುಂದಿನ ಪಂದ್ಯಕ್ಕೆ ಹೆಸರು ಕೊಡುವ ಮೊದಲೇ ಈ ಮಾತು ಇತ್ಯರ್ಥವಾಗಲಿ.